ಮೌಲ್ಯಕ್ಕೆ ಒಂದು ಕ್ರೆಡಿಟ್, ಲ್ಯಾಬ್ ರೆಕಾರ್ಡ್‌ಗೆ ನಾಲ್ಕು ವರ್ಷ

ನಮ್ಮ ಪಾಲಿಟೆಕ್ನಿಕ್‌ನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನ ಮೂಲೆಯಲ್ಲಿ ಒಂದು ಎತ್ತರದ ಯಂತ್ರ ನಿಂತಿದೆ. ಯುಟಿಎಂ ಅಂತಾರೆ. ಉಕ್ಕಿನ ಸರಳಿನ ಎರಡೂ ತುದಿ ಕಚ್ಚಿ ಹಿಡಿದು, ತುಂಡಾಗುವವರೆಗೆ ಎಳೆಯುವುದು ಅದರ ಕೆಲಸ. ಸರಳು ಮೊದಲು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಆಮೇಲೆ ನಡುವೆ ಸಣ್ಣಗಾಗುತ್ತದೆ. ಕೊನೆಗೆ ಢಬ್ ಎಂದು ಮುರಿಯುತ್ತದೆ. ಮುರಿಯುತ್ತದೆ ಎಂದು ಗೊತ್ತಿದ್ದರೂ ಪ್ರತಿ ಬ್ಯಾಚಿನ ಹುಡುಗರೂ ಆ ಸದ್ದಿಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಈ ಪ್ರಯೋಗದಲ್ಲಿ ಅವರು ಉಕ್ಕಿನ ಯಂಗ್ಸ್ ಮಾಡ್ಯುಲಸ್ ಲೆಕ್ಕ ಹಾಕಬೇಕು. ಉಕ್ಕು ಎಳೆತಕ್ಕೆ ಎಷ್ಟು ಜಗ್ಗದೆ ನಿಲ್ಲುತ್ತದೆ ಎಂದು ಹೇಳುವ ಸಂಖ್ಯೆ ಅದು. ಪುಸ್ತಕದಲ್ಲಿ ಸುಮಾರು 200 ಗಿಗಾಪಾಸ್ಕಲ್ ಎಂದಿದೆ. ಹುಡುಗರ ಲ್ಯಾಬ್ ರೆಕಾರ್ಡ್ ಪುಸ್ತಕ ತಿದ್ದಲು ಕುಳಿತರೆ ಇಡೀ ಬ್ಯಾಚಿನದ್ದೂ 198, 203, 205. ನೋಡಲು ಚೆಂದ. ಆದರೆ ನಮ್ಮ ಲ್ಯಾಬಿನಲ್ಲಿ ಆ ಉತ್ತರ ಬರಲು ಸಾಧ್ಯವೇ ಇಲ್ಲ. ಸರಳಿನ ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಕೆಟ್ಟು ಕೂತಿದೆ. ಹಾಗಾಗಿ ಯಂತ್ರದ ಹಿಡಿಕೆ ಎಷ್ಟು ಸರಿಯಿತೋ ಸರಳು ಅಷ್ಟೇ ಹಿಗ್ಗಿತು ಎಂದು ಬರೆದುಕೊಳ್ಳುತ್ತೇವೆ. ಅದರಲ್ಲಿ ಹಿಡಿಕೆ ಜಾರಿದ್ದು, ಯಂತ್ರದ ಸಡಿಲ ಎಲ್ಲವೂ ಸೇರಿಕೊಂಡಿರುತ್ತದೆ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಉತ್ತರ ತುಂಬಾ ಕಡಿಮೆ ಬರಲೇಬೇಕು.

ಹುಡುಗರು 203 ಅನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ಟೇಬಲ್ ತುಂಬುತ್ತಾರೆ. ಇದಕ್ಕೆ ಎಲ್ಲ ಕಾಲೇಜುಗಳಲ್ಲೂ ಒಂದೇ ಹೆಸರು: ರೀಡಿಂಗ್ ಹೊಂದಿಸುವುದು.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ರೆಕಾರ್ಡ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ಅವಳ ಗುಂಪಿನ ಉಳಿದ ಮೂವರು ಆಗಲೇ ಸಹಿ ಹಾಕಿಸಿಕೊಂಡು ಹೋಗಿದ್ದರು.

"ಸರ್, ನಂದು 38 ಬಂದೈತ್ರಿ. ಮೂರು ಸಲ ಲೆಕ್ಕ ಮಾಡೇನಿ. ತಪ್ಪಿದ್ರ ಹೇಳ್ರಿ, ಮತ್ತ ಬರ್ಕೊಂಡ್ ಬರ್ತೀನಿ."

"ನಿನ್ನ ಗುಂಪಿನವರು 203 ಬರದಾರಲ್ಲ. ನೀ ಯಾಕ ಬರೀಲಿಲ್ಲವ್ವ?"

"ಬರೀಬಹುದಿತ್ರಿ ಸರ್. ಆದ್ರ ಮಷಿನ್‌ನ್ಯಾಗ ಬಂದಿದ್ದು ಇದ ಅಲ್ರಿ?"

ನಾನು ಬ್ಯಾಚನ್ನು ವಾಪಸ್ ಕರೆದೆ. ಇನ್ನೊಂದು ಸರಳು ಹಾಕಿ, ಅದು ಹಿಡಿಕೆಯಿಂದ ಹೊರಗೆ ಬರುವ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಸಿದೆ. ಲೋಡ್ ಏರುತ್ತಾ ಹೋದಂತೆ ಗೆರೆ ನಿಧಾನವಾಗಿ ಹಿಡಿಕೆಯಿಂದ ಆಚೆ ಬಂತು. ಸರಳು ಹಿಗ್ಗುವುದಕ್ಕಿಂತ ಜಾಸ್ತಿ ಜಾರುತ್ತಿತ್ತು. 38 ಯಾಕೆ ಬಂತು ಎಂದು ಎಲ್ಲರಿಗೂ ಕಣ್ಣೆದುರೇ ಗೊತ್ತಾಯಿತು. ಅವತ್ತು ಊಟದ ಬೆಲ್ ಹೊಡೆದರೂ ಯಾರೂ ಕದಲಲಿಲ್ಲ. ಎಕ್ಸ್‌ಟೆನ್ಸೋಮೀಟರ್ ಯಾಕೆ ಬೇಕು ಎಂಬುದನ್ನು ಅವರೇ ನನಗೆ ವಿವರಿಸಿದರು.

ಅದಕ್ಕೂ ಮುಂಚೆ ಎಷ್ಟೋ ವರ್ಷ ನಾನೂ "ಸ್ವಲ್ಪ ಹೊಂದಿಸಿ ಬರೀರಪ್ಪ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದಾಗ ತೊಂದರೆ ಬ್ಯಾಡ" ಅಂದವನೇ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ತಾಂತ್ರಿಕ ಕಾಲೇಜಿನ ಮಕ್ಕಳಲ್ಲಿ ಮೌಲ್ಯ ಬೆಳೆಸುವುದು ಹೇಗೆ, ಅವರನ್ನು ಕೆಲಸಕ್ಕೆ ತಯಾರು ಮಾಡುವುದು ಹೇಗೆ ಎಂದು ಈಗ ಎಲ್ಲೆಡೆ ಮಾತು ನಡೆಯುತ್ತಿದೆ. ಎರಡನ್ನೂ ಬೇರೆ ಬೇರೆ ಎಂದು ತಿಳಿದು, ಒಂದಕ್ಕೆ ಒಂದು ಪೀರಿಯಡ್, ಇನ್ನೊಂದಕ್ಕೆ ಒಂದು ಟ್ರೈನಿಂಗ್ ಎಂದು ಹಂಚುತ್ತಿದ್ದೇವೆ. ಆ ಹುಡುಗಿಯ 38 ನೋಡಿದ ಮೇಲೆ ನನಗೆ ಎರಡೂ ಒಂದೇ ಅನ್ನಿಸಿದೆ. ಎರಡೂ ಬೆಳೆಯುವುದು ಅಥವಾ ಕೆಡುವುದು ಒಂದೇ ಜಾಗದಲ್ಲಿ.

ಪಠ್ಯಕ್ರಮದಲ್ಲಿ ಏನಿದೆ?

ಮೌಲ್ಯ ಕಲಿಸುವ ವಿಷಯವೇ ಇಲ್ಲ ಎಂದು ದೂರುವ ಹಾಗಿಲ್ಲ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಸೇರಿರುವ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ 'ಯೂನಿವರ್ಸಲ್ ಹ್ಯೂಮನ್ ವ್ಯಾಲ್ಯೂಸ್' ಎಂಬ ಒಂದು ಕ್ರೆಡಿಟ್‌ನ ವಿಷಯ ಇದೆ. 'ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಎಂಬ ಇನ್ನೊಂದು ಇದೆ. ಅದರಲ್ಲಿ ಗಿಡ ನೆಟ್ಟು ಸಾಕುವುದು, ಊರಿನ ಪರಂಪರೆಯ ಜಾಗಗಳಿಗೆ ಹೋಗುವುದು, ಸಾವಯವ ಕೃಷಿ, ನೀರಿನ ಉಳಿತಾಯ, ಊರಿನ ಅಡುಗೆ ತಿಳಿದುಕೊಳ್ಳುವುದು, ಇವೆಲ್ಲ ಬರುತ್ತವೆ. ಸಂವಿಧಾನದ ಪಾಠ ಇದೆ. ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಇವೆ. ಮೊದಲ ವರ್ಷ ಸೇರಿದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಹೇಳಿದಂತೆ ಮೂರು ವಾರದ ಇಂಡಕ್ಷನ್, ಅಂದರೆ ಕಾಲೇಜಿನ ಪರಿಚಯದ ತರಬೇತಿ ಇದೆ. ಇದರ ಮೇಲೆ ನಾಲ್ಕು ವರ್ಷದಲ್ಲಿ ಊರಿನ, ಸಮಾಜದ ಕೆಲಸ ಮಾಡಿ 100 ಆಕ್ಟಿವಿಟಿ ಪಾಯಿಂಟ್ಸ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರುವವರಿಗೆ 75.

ಕಾಗದದಲ್ಲಿ ಓದಿದರೆ ಇದು ನಿಜಕ್ಕೂ ಒಳ್ಳೆಯ ಯೋಜನೆ. ಮಾನವ ಮೌಲ್ಯಗಳ ಪಠ್ಯ ಮಾಡಿದವರು ತುಂಬಾ ಯೋಚಿಸಿ ಮಾಡಿದ್ದಾರೆ. ಇದನ್ನು ಮಾಡು, ಅದನ್ನು ಮಾಡಬೇಡ ಎಂದು ಹೇಳಿಕೊಟ್ಟರೆ ಮೌಲ್ಯ ಬರುವುದಿಲ್ಲ, ವಿದ್ಯಾರ್ಥಿ ತನ್ನೊಳಗೇ ನೋಡಿಕೊಂಡು ಒಪ್ಪಬೇಕು ಎನ್ನುವುದೇ ಅದರ ತಿರುಳು. ಸಣ್ಣ ಗುಂಪು, ಜೊತೆಗೊಬ್ಬ ಮೇಷ್ಟ್ರು, ಮಾತುಕತೆ, ಹೀಗೆ ಅದು ನಡೆಯಬೇಕಿತ್ತು.

ನಡೆಯುವುದೇ ಬೇರೆ. ಕೊನೆಗೆ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದು. ನಮ್ಮಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್‌ಗೆ ಹೋದ ಹುಡುಗರು ರಜೆಯಲ್ಲಿ ಬಂದಾಗ ಕೇಳುತ್ತೇನೆ. ಹಿಂದಿನ ವರ್ಷಗಳ ಪ್ರಶ್ನೆಗಳ ಪಿಡಿಎಫ್ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತದಂತೆ, ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕಂತೆ. ನಂಬಿಕೆ, ಗೌರವ, ಪ್ರೀತಿ ಎಂಬ ಪದಗಳಿಗೆ ನಾಲ್ಕು ಆಯ್ಕೆ, ಒಂದಕ್ಕೆ ಟಿಕ್. ಮಕ್ಕಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಾವು ಹೇಗೆ ಅಳೆಯುತ್ತೇವೋ ಅವರು ಹಾಗೆ ಓದುತ್ತಾರೆ.

ಆಕ್ಟಿವಿಟಿ ಪಾಯಿಂಟ್ಸ್ ಕಥೆಯೂ ಹೀಗೇ. ಹಳ್ಳಿಗೆ ಹೋಗಿ ವಾರಗಟ್ಟಲೆ ಒಂದು ಸಮಸ್ಯೆಯ ಹಿಂದೆ ಬೀಳಬೇಕಾದ ಹುಡುಗರು ಒಂದು ಶನಿವಾರ ಬಸ್ಸಿನಲ್ಲಿ ಹೋಗುತ್ತಾರೆ. ಬ್ಯಾನರ್ ಹಿಡಿದು ನಿಲ್ಲುತ್ತಾರೆ. ಒಬ್ಬರು ಫೋಟೊ ತೆಗೆಯುತ್ತಾರೆ, ಅದೂ ಜಿಯೋಟ್ಯಾಗ್ ಇರುವ ಫೋಟೊ. ಯಾಕೆಂದರೆ ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಫೈಲಿನಲ್ಲಿ ಜಾಗದ ಗುರುತಿರುವ ಫೋಟೊ ಇರಬೇಕು. ಫೋಟೊ ಸಿಕ್ಕ ಮೇಲೆ ಕೆಲಸ ಮುಗಿದಂತೆ. ಕಾಲೇಜಿಗೆ ಅಂಕ, ವಿದ್ಯಾರ್ಥಿಗೆ ಪಾಯಿಂಟ್, ಹಳ್ಳಿಗೆ ಏನೂ ಇಲ್ಲ. ಆದರೂ ಎಲ್ಲೋ ಒಂದು ಗುಂಪು ನಿಜವಾಗಿ ಕೆಲಸ ಮಾಡುತ್ತದೆ. ಸರ್ಕಾರಿ ಶಾಲೆಯ ಕೆಟ್ಟ ಪಂಪು ಸರಿ ಮಾಡಿಕೊಟ್ಟು ಬಂದ ನಾಲ್ಕು ಹುಡುಗರನ್ನು ನಾನು ನೋಡಿದ್ದೇನೆ. ಅವರ ಫೋಟೊ ಇರಲಿಲ್ಲ. ಮೈ ತುಂಬಾ ಗ್ರೀಸ್ ಆಗಿ ಯಾರೂ ಫೋನ್ ಮುಟ್ಟಿರಲಿಲ್ಲ.

ಒಂದು ಮಗು ಕಾಲೇಜಿನಲ್ಲಿ ಇರುವಷ್ಟು ಕಾಲವೂ ಏನು ನೋಡುತ್ತದೆ ಎಂದು ಯೋಚಿಸಿ. ಶೇ 85 ಹಾಜರಿ ಬೇಕು ಎಂಬ ನಿಯಮ, ಬಾರದವನ ಬದಲು ಗೆಳೆಯ ಹಾಜರಿ ಕೂಗುವ ಪ್ರಾಕ್ಸಿ. ಹೊಂದಿಸಿದ ರೀಡಿಂಗ್. ಸೀನಿಯರ್ ಕೊಟ್ಟ ಹಳೆಯ ಅಸೈನ್‌ಮೆಂಟ್. ದುಡ್ಡು ಕೊಟ್ಟು ತಂದ ಫೈನಲ್ ಇಯರ್ ಪ್ರಾಜೆಕ್ಟ್. ಕೂತಲ್ಲೇ ಸಿಗುವ ಇಂಟರ್ನ್‌ಶಿಪ್ ಸರ್ಟಿಫಿಕೇಟ್. ಇಷ್ಟೆಲ್ಲ ಪ್ರತಿ ದಿನ ಕಲಿಯುವಾಗ ವಾರಕ್ಕೊಂದು ಗಂಟೆಯ ಪಾಠ ಎಲ್ಲಿ ನಾಟುತ್ತದೆ? ನಾವು ಮೌಲ್ಯ ಕಲಿಸುತ್ತಿಲ್ಲ ಅಂತಲ್ಲ. ದಿನವೂ ಕಲಿಸುತ್ತಿದ್ದೇವೆ, ತಪ್ಪು ಮೌಲ್ಯ ಕಲಿಸುತ್ತಿದ್ದೇವೆ.

ಕೆಲಸ ಕೊಡುವವರು ಕೇಳುವುದೇನು?

2023-24ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಒಂದು ಅಂಕಿ ಇತ್ತು. ದೇಶದ ಯುವಜನರಲ್ಲಿ ಕೆಲಸಕ್ಕೆ ತಯಾರಿರುವವರು ಶೇ 51.25 ಎಂದು. ಅಂದರೆ ಸರಿಸುಮಾರು ಇಬ್ಬರಲ್ಲಿ ಒಬ್ಬರು ಓದು ಮುಗಿಸಿಯೂ ತಯಾರಿಲ್ಲ. ಇಂಥ ಅಂಕಿ ಬಂದಾಗಲೆಲ್ಲ ಕಾಲೇಜುಗಳು ಮಾಡುವುದು ಒಂದೇ ಕೆಲಸ. ಹೊರಗಿನ ಟ್ರೈನಿಂಗ್ ಕಂಪನಿಯನ್ನು ಕರೆಸುವುದು. ಹತ್ತು ದಿನ ಆ್ಯಪ್ಟಿಟ್ಯೂಡ್, ಗ್ರೂಪ್ ಡಿಸ್ಕಷನ್, ಟೈ ಕಟ್ಟುವುದು, 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್'. ಇವು ಬೇಡ ಅಂತಲ್ಲ. ಬಾಗಿಲು ದಾಟಲು ಇವು ಬೇಕು. ಬಾಗಿಲ ಆಚೆ ಏನು ಬೇಕು ಎನ್ನುವುದು ಬೇರೆ ಪ್ರಶ್ನೆ.

ಇಂಟರ್ನ್‌ಶಿಪ್‌ನಲ್ಲಿದ್ದ ನಮ್ಮ ಹುಡುಗರನ್ನು ನೋಡಲು ಒಮ್ಮೆ ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿದ್ದೆ. ಫೌಂಡ್ರಿ, ಮಷಿನ್ ಶಾಪ್‌ಗಳೇ ತುಂಬಿದ ಜಾಗ ಅದು. ಒಬ್ಬ ಮಾಲೀಕರ ಹತ್ತಿರ, ಹುಡುಗರಿಗೆ ಇನ್ನೇನು ಕಲಿಸಿ ಕಳಿಸಬೇಕು ಎಂದು ಕೇಳಿದೆ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದ ಪ್ರೋಗ್ರಾಮಿಂಗ್ ಅನ್ನಬಹುದು ಎಂದು ಪೆನ್ನು ತೆಗೆದಿದ್ದೆ.

"ಮಷಿನ್ ನಾವ ಕಲಸ್ತೀವ್ರಿ ಸರ," ಅಂದರು. "ಪೀಸ್ ಹಾಳಾತಂದ್ರ ಬಂದು ಹೇಳೂ ಹುಡುಗ ಬೇಕ್ರಿ. ಅಂವ ಮುಚ್ಚಿಟ್ಟನಂದ್ರ ಸಂಜಿತನಕ ಐವತ್ತು ಪೀಸ್ ಹಾಳಾಗಿರ್ತಾವ."

ಯೋಚಿಸಿದರೆ ಇದರಲ್ಲಿ ಎಲ್ಲವೂ ಇದೆ. ಅಳತೆ ತಪ್ಪಿದೆ ಎಂದು ಗೊತ್ತಾಗಬೇಕು, ಅದು ಕೌಶಲ. ಬಂದು ಹೇಳಬೇಕು, ಅದು ಪ್ರಾಮಾಣಿಕತೆ. ಬೈಗುಳ ಬೀಳಬಹುದು ಎಂದು ಗೊತ್ತಿದ್ದೂ ಹೇಳಬೇಕು, ಅದು ಧೈರ್ಯ. ಎಲ್ಲಿ, ಹೇಗೆ ತಪ್ಪಾಯಿತು ಎಂದು ಬಿಡಿಸಿ ಹೇಳಬೇಕು. ಅದನ್ನೇ ತಾನೆ ಕಂಪನಿಗಳು ಕಮ್ಯುನಿಕೇಷನ್ ಸ್ಕಿಲ್ ಅನ್ನುವುದು?

ಟೊಯೊಟಾ ಕಾರ್ಖಾನೆಗಳಲ್ಲಿ ಇದನ್ನೇ ಒಂದು ಪದ್ಧತಿಯಾಗಿ ಮಾಡಿಕೊಂಡಿದ್ದಾರೆ. ಲೈನ್‌ನಲ್ಲಿ ನಿಂತ ಕೆಲಸಗಾರನಿಗೆ ಏನಾದರೂ ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ಮೇಲಿನವರು ಓಡಿ ಬರುತ್ತಾರೆ. ಸರಿ ಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ತಪ್ಪನ್ನು ಹುಟ್ಟಿದ ಜಾಗದಲ್ಲೇ ಹೇಳಿಬಿಟ್ಟರೆ ಖರ್ಚು ಕಡಿಮೆ ಎಂಬುದು ಅವರ ಲೆಕ್ಕ. ಬಿಡದಿಯಲ್ಲಿ ಇದೇ ಕಂಪನಿ 2007ರಲ್ಲಿ ತರಬೇತಿ ಸಂಸ್ಥೆ ಶುರು ಮಾಡಿತು. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ತೆಗೆದುಕೊಂಡು, ಅಲ್ಲೇ ಇರಿಸಿಕೊಂಡು ಮೂರು ವರ್ಷ ಕಲಿಸುತ್ತದೆ. ಅಲ್ಲಿ ಜ್ಞಾನ, ಕೌಶಲದ ಜೊತೆಗೆ ದೇಹ, ಮನಸ್ಸನ್ನೂ ತರಬೇತಿಯ ಭಾಗವೆಂದೇ ಎಣಿಸುತ್ತಾರೆ. ಇಂಥ ಅನುಕೂಲ ಎಲ್ಲ ಕಾಲೇಜಿಗೂ ಸಿಗುವುದಿಲ್ಲ, ನಿಜ. ನಾವು ತೆಗೆದುಕೊಳ್ಳಬಹುದಾದದ್ದು ಒಂದೇ ವಿಚಾರ: ಸತ್ಯ ಹೇಳಿದವನಿಗೆ ಶಿಕ್ಷೆ ಆಗದಂತೆ ವ್ಯವಸ್ಥೆ ಮಾಡುವುದು.

ನಮ್ಮ ಲ್ಯಾಬ್‌ಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. 38 ಬರೆದವಳಿಗೆ ಅಂಕ ಕಡಿಮೆ, 203 ಬರೆದವರಿಗೆ ಪೂರ್ತಿ. 203 ಬರೆದ ಹುಡುಗ ನಾಳೆ ಪೀಸ್ ಹಾಳಾದಾಗ ಸ್ಕ್ರ್ಯಾಪ್ ಡಬ್ಬಿಯ ತಳಕ್ಕೆ ತಳ್ಳಿದರೆ, ಅದನ್ನು ಅವನಿಗೆ ಕಲಿಸಿದ್ದು ನಾವೇ ಅಲ್ವಾ?

ಅರ ಹಿಡಿದ ಕೈ

ಬೆಂಗಳೂರಿನ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಶುರುವಾದದ್ದು. ಈಗ ರಾಜ್ಯದ ಹಲವು ಊರುಗಳಲ್ಲಿ ಅದರ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು. ಮೂರು ವರ್ಷ ಕೇಂದ್ರದಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ಅಲ್ಲಿ ಕಲಿತವರಿಗೆ ಕೆಲಸ ಬೇಗ ಸಿಗುತ್ತದೆ ಎಂಬ ಮಾತು ನಮ್ಮ ಕಡೆಯ ಅಪ್ಪ ಅಮ್ಮಂದಿರ ಬಾಯಲ್ಲೂ ಇದೆ.

ಟೂಲ್ ಮೇಕಿಂಗ್ ಕಲಿಯುವವರು ಮೊದಲು ಹಿಡಿಯುವುದು ಅರ. ಬೆಂಚ್ ವೈಸ್‌ನಲ್ಲಿ ಕಬ್ಬಿಣದ ತುಂಡು ಸಿಕ್ಕಿಸಿ ಉಜ್ಜುವುದು. ದಿನಗಟ್ಟಲೆ ಅದೇ. ಕೈ ಬೊಬ್ಬೆ ಬರುತ್ತದೆ. ಕೆಲಸ ಕೇಳಲು ಸುಲಭ. ಒಂದು ತುಂಡಿನ ಚೌಕ ಇನ್ನೊಂದು ತುಂಡಿನ ಖಾಲಿಯಲ್ಲಿ ಕೂರಬೇಕು. ಆಮೇಲೆ ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿಯುತ್ತಾರೆ. ಸಂದಿಯಿಂದ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಜಾಸ್ತಿ ಉಜ್ಜಿದರೆ ತುಂಡು ಹೋಯಿತು, ಹೊಸದರಿಂದ ಶುರು. ಅಲ್ಲಿ ಹೊಂದಿಸಿ ಬರೆಯಲು ಏನೂ ಇಲ್ಲ. ಬೆಳಕು ಬಂತೋ ಇಲ್ಲವೋ ಅಷ್ಟೇ.

ಇದೇ ಫಿಟ್ಟಿಂಗ್ ನಮ್ಮ ಎಲ್ಲ ಕಾಲೇಜಿನ ವರ್ಕ್‌ಶಾಪ್‌ನಲ್ಲೂ ಇದೆ. ಆದರೆ ಎಷ್ಟೋ ಕಡೆ ಸೀನಿಯರ್ ಮಾಡಿದ ಮಾಡೆಲ್‌ಗೆ ಎಮರಿ ಪೇಪರ್ ತಿಕ್ಕಿ, ರೋಲ್ ನಂಬರ್ ಬದಲಿಸಿ ತೋರಿಸುತ್ತಾರೆ. ಮೇಷ್ಟ್ರಿಗೂ ಗೊತ್ತಿರುತ್ತದೆ. ಅರವತ್ತು ಹುಡುಗರು, ಹನ್ನೆರಡು ವೈಸ್, ಎರಡು ಗಂಟೆ. ಬೆಳಕಿಗೆ ಹಿಡಿದು ನೋಡಲು ಪುರುಸೊತ್ತೆಲ್ಲಿ? ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಖಾಯಂ ಹುದ್ದೆಗಳು ಖಾಲಿ ಇವೆ. ಬಹಳಷ್ಟು ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ತನ್ನ ಮುಂದಿನ ವರ್ಷವೇ ಖಾತ್ರಿ ಇಲ್ಲದ ಮೇಷ್ಟ್ರ ಮೇಲೆ ನೂರು ಮಕ್ಕಳ ಮೌಲ್ಯದ ಭಾರ ಹೊರಿಸುವುದು ನ್ಯಾಯವಲ್ಲ. ಮೌಲ್ಯದ ಮಾತು ಬಂದಾಗ ಬಜೆಟ್‌ನ ಮಾತೂ ಬರಲೇಬೇಕು.

ಇಂಟರ್ನ್‌ಶಿಪ್ ಎಂಬ ಒಳ್ಳೆಯ ಅವಕಾಶ

ಇತ್ತೀಚಿನ ವರ್ಷಗಳಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಜಾಸ್ತಿ ಭರವಸೆ ಇರುವುದು ಇದರ ಮೇಲೆ. ರಾಜ್ಯದ ಸಿ-20 ಪಠ್ಯಕ್ರಮದಲ್ಲಿ ಡಿಪ್ಲೊಮಾದ 6ನೇ ಸೆಮಿಸ್ಟರ್ ಇರುವುದೇ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್‌ಗೆ. ವಿಟಿಯು ಕೂಡ ಕೊನೆಯ ವರ್ಷದಲ್ಲಿ ಉದ್ದನೆಯ ಇಂಟರ್ನ್‌ಶಿಪ್ ತಂದಿದೆ. ಕೇಂದ್ರ ಸರ್ಕಾರ 2024ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ದೊಡ್ಡ 500 ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಎಂದು ಘೋಷಿಸಿತು, ತಿಂಗಳಿಗೆ 5,000 ರೂಪಾಯಿ.

ತಿಂಗಳುಗಟ್ಟಲೆ ಬೆಳಗ್ಗೆ ಎಂಟಕ್ಕೆ ಗೇಟಿನಲ್ಲಿ ಇರಬೇಕು ಎನ್ನುವುದೇ ಒಂದು ಪಾಠ. ಬಸ್ ತಪ್ಪಿತು ಎಂಬ ಕಾರಣ ಎರಡು ಸಲ ನಡೆಯುತ್ತದೆ, ಮೂರನೇ ಸಲ ನಡೆಯುವುದಿಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕು, ಕೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು, ತನಗಿಂತ ಕಡಿಮೆ ಓದಿದ ಆದರೆ ಮೂವತ್ತು ವರ್ಷ ಲೇತ್ ಹಿಡಿದ ಕಾಕಾನ ಮಾತಿಗೆ ಬೆಲೆ ಕೊಡಬೇಕು. ಕಾಲೇಜಿನಲ್ಲಿ ಇದನ್ನು ಕಲಿಸಲು ನನಗೆ ದಾರಿ ಗೊತ್ತಿಲ್ಲ. ಅಲ್ಲಿ ಹೋದವರು ನಾಲ್ಕು ತಿಂಗಳಲ್ಲಿ ಬದಲಾಗಿ ಬರುವುದನ್ನು ನೋಡಿದ್ದೇನೆ. ಮಾತು ಕಡಿಮೆ ಆಗಿರುತ್ತದೆ, ಪ್ರಶ್ನೆ ಜಾಸ್ತಿ ಆಗಿರುತ್ತದೆ.

ಆದರೆ ಒಂದೇ ಸಲಕ್ಕೆ ಇಷ್ಟು ಸಾವಿರ ಮಕ್ಕಳಿಗೆ ಜಾಗ ಎಲ್ಲಿಂದ ಬರಬೇಕು? ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಹತ್ತಿರ ಇರುವವರಿಗೆ ಬಾಗಿಲುಗಳಿವೆ. ಯಾದಗಿರಿಯ, ಕೊಪ್ಪಳದ ಹುಡುಗಿ ಬೆಂಗಳೂರಿಗೆ ಬಂದು ಪಿಜಿ ಬಾಡಿಗೆ ಕೊಟ್ಟು, ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಲು ಮನೆಯವರು ಒಪ್ಪುತ್ತಾರಾ? ಆಗ ಹುಟ್ಟಿಕೊಳ್ಳುವುದೇ ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಕಳಿಸುವ ಸಂಸ್ಥೆಗಳು. ಆನ್‌ಲೈನ್‌ನಲ್ಲಿ ನಾಲ್ಕು ವಿಡಿಯೊ, ಒಂದು ರಿಪೋರ್ಟ್, ಹೊಳೆಯುವ ಲೋಗೋ. ದುಡ್ಡಿಲ್ಲದ ಮನೆಯ ಮಗು ಹೀಗೆ ದುಡ್ಡು ಕೊಟ್ಟು ಸುಳ್ಳು ಕೊಳ್ಳುವ ಸ್ಥಿತಿಗೆ ಬರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಮಗುವಿನ ನೈತಿಕತೆಯ ಪ್ರಶ್ನೆಗಿಂತ ಮೊದಲು ಜಾಗ ಇಲ್ಲದೆ ನಿಯಮ ಮಾಡಿದವರ ಪ್ರಶ್ನೆ ಬರುತ್ತದೆ.

ಇದಕ್ಕೆ ಹಳೆಯ ಕಾನೂನೊಂದು ಕೈಯಲ್ಲೇ ಇದೆ. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವವರಿಗಾಗಿ ಇರುವ 1961ರ ಅಪ್ರೆಂಟಿಸ್ ಕಾಯ್ದೆ. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅದೇ ನಿಯಮಗಳಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತು ಮಾಡಿದ್ದರು. ಅದರಲ್ಲಿ ಅರ್ಧ ಕೇಂದ್ರ ಸರ್ಕಾರವೇ ಕೊಡುತ್ತದೆ. ಈ ವಿಷಯ ನಮ್ಮ ಕೊನೆಯ ವರ್ಷದ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ಕೇಳಿದರೆ ಒಂದೆರಡು ಕೈ ಮೇಲೇಳುತ್ತವೆ. ಯುವನಿಧಿ ಬಗ್ಗೆ ಕೇಳಿದರೆ ಎಲ್ಲ ಕೈಗಳೂ ಮೇಲೇಳುತ್ತವೆ. ಡಿಪ್ಲೊಮಾ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 1,500 ಕೊಡುವ ಆ ಯೋಜನೆ ಮನೆಯ ಖರ್ಚಿಗೆ ನೆರವಾಗುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು ಹೇಗೆ ಎಂದು ಕೂಡ ಕಾಲೇಜಿನ ಗೋಡೆಯ ಮೇಲೆ ಅಷ್ಟೇ ದೊಡ್ಡದಾಗಿ ಬರೆದಿರಬೇಕು.

ಇಂಗ್ಲಿಷಿನ ಗೋಡೆ

ಅಣಕು ಸಂದರ್ಶನದಲ್ಲಿ ಒಬ್ಬ ಹುಡುಗನಿಗೆ ತನ್ನ ಪ್ರಾಜೆಕ್ಟ್ ಬಗ್ಗೆ ಹೇಳು ಅಂದೆ. ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ ಹೇಳಿ ನಿಂತುಬಿಟ್ಟ. ಕಿವಿ ಕೆಂಪಾಗಿತ್ತು. ಕನ್ನಡದಲ್ಲಿ ಹೇಳಪ್ಪ ಅಂದೆ. ಹತ್ತು ನಿಮಿಷ ನಿಲ್ಲಿಸದೆ ಹೇಳಿದ. ಅವರ ಹೊಲದ ಸ್ಪ್ರಿಂಕ್ಲರ್‌ನ ನಾಝಲ್ ಯಾಕೆ ಕಟ್ಟಿಕೊಳ್ಳುತ್ತದೆ, ಅದಕ್ಕೆ ಅವನು ಏನು ಮಾಡಿದ, ಮೊದಲ ಎರಡು ಸಲ ಯಾಕೆ ಸೋತ, ಎಲ್ಲ ಬಂತು. ಇದಕ್ಕಿಂತ ಒಳ್ಳೆಯ ಉತ್ತರ ಯಾವ ಕಂಪನಿಗೆ ಬೇಕು?

ನಮ್ಮಲ್ಲಿ ಕಮ್ಯುನಿಕೇಷನ್ ಅಂದರೆ ಇಂಗ್ಲಿಷ್ ಎಂದು ಸೀದಾ ತಿಳಿದುಬಿಟ್ಟಿದ್ದಾರೆ. ಇಂಗ್ಲಿಷ್ ಬೇಕು, ಅದನ್ನು ಬಿಟ್ಟು ನಮ್ಮ ಮಕ್ಕಳು ಮುಂದೆ ಹೋಗಲಾರರು. ಆದರೆ ವಿಷಯ ಜೋಡಿಸಿ ಹೇಳುವ ಕಲೆ ಮೊದಲು ತನ್ನ ಭಾಷೆಯಲ್ಲಿ ಬಂದರೆ ಇಂಗ್ಲಿಷಿಗೆ ದಾಟುವುದು ಸುಲಭ. ಎಐಸಿಟಿಇ 2021ರಲ್ಲಿ ಕನ್ನಡವೂ ಸೇರಿ ಭಾರತದ ಎಂಟು ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಕನ್ನಡದ ಸೀಟುಗಳಿಗೆ ಹೆಚ್ಚು ಮಕ್ಕಳು ಬರಲಿಲ್ಲ. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ, ಅದನ್ನು ತಪ್ಪೆನ್ನಲಾಗದು. ಪೂರ್ತಿ ಕೋರ್ಸ್ ಕನ್ನಡದಲ್ಲಿ ಆಗದಿದ್ದರೂ ಲ್ಯಾಬಿನ ವೈವಾ, ಅಂದರೆ ಮೌಖಿಕ ಪರೀಕ್ಷೆ ಆಗಬಹುದು. ಮೊದಲು ಕನ್ನಡದಲ್ಲಿ ಹೇಳಿಸಿ, ಅದನ್ನೇ ಮುಂದಿನ ವಾರ ಇಂಗ್ಲಿಷಿನಲ್ಲಿ ಹೇಳಿಸಿ. ಆ ಹುಡುಗನ ಜೊತೆ ನಾನು ಮಾಡಿದ್ದು ಇಷ್ಟೇ. ಐದು ವಾರ ಹಿಡಿಯಿತು.

ಈಗ ಎಐ ಬಂದಿದೆ. ಒಂದು ಸಾಲು ಟೈಪ್ ಮಾಡಿದರೆ ಇಡೀ ಇಂಟರ್ನ್‌ಶಿಪ್ ರಿಪೋರ್ಟ್, ಅದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಬಂದುಬಿಡುತ್ತದೆ. ಕಾಗದ ನೋಡಿ ಅಂಕ ಕೊಡುವ ನಮ್ಮ ಪದ್ಧತಿಗೆ ಇನ್ನು ಅರ್ಥ ಉಳಿದಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಎದುರಿಗೆ ಕೂರಿಸಿ "ಇದು ಯಾಕೆ ಹೀಗೆ ಬಂತು?" ಎಂದು ಕೇಳುವುದೊಂದೇ ಈಗ ಉಳಿದ ದಾರಿ.

ತಪ್ಪು ಅಂಕಿಯ ಬೆಲೆ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಸತ್ತರು. ಅವಶೇಷದಡಿ ಸಿಕ್ಕವರನ್ನು ತೆಗೆಯಲು ದಿನಗಟ್ಟಲೆ ಬೇಕಾಯಿತು. ನಮ್ಮ ಕಡೆಯ ಯಾರೂ ಅದನ್ನು ಮರೆತಿಲ್ಲ. ಆ ಪ್ರಕರಣದಲ್ಲಿ ಯಾರ ತಪ್ಪು ಎಷ್ಟು ಎಂಬುದನ್ನು ಹೇಳಬೇಕಾದ್ದು ಕೋರ್ಟು. ನಾನು ಮರುದಿನ ಸಿವಿಲ್ ವಿಭಾಗದ ಮಕ್ಕಳ ಮುಂದೆ ನಿಂತಾಗ ಅವರು ಕೇಳಿದ್ದು ಬೇರೆಯೇ. ಸೈಟಿನಲ್ಲಿ ಜೂನಿಯರ್ ಎಂಜಿನಿಯರ್ ಆಗಿರುವವನಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅವನು ಏನು ಮಾಡಬೇಕು, ಸರ್?

ಕಾಂಕ್ರೀಟ್ ಹಾಕುವಾಗ ಅದರಿಂದಲೇ ಘನಗಳನ್ನು ಎರಕ ಹೊಯ್ದು, 7 ದಿನಕ್ಕೆ, 28 ದಿನಕ್ಕೆ ಒಡೆದು ನೋಡುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಪುಸ್ತಕದಲ್ಲಿ ಬರೆಯುವವನು ಹೆಚ್ಚಾಗಿ ಆಗಷ್ಟೇ ಕಾಲೇಜಿನಿಂದ ಬಂದ ಹುಡುಗನೇ. ಅಂಕಿ ಕಡಿಮೆ ಬಂದ ದಿನ ಕೆಲಸ ನಿಲ್ಲಿಸಬೇಕಾಗುತ್ತದೆ. ಗುತ್ತಿಗೆದಾರ ಎದುರಿಗೆ ನಿಂತಿರುತ್ತಾನೆ. ಆಗ ಅವನ ಕೈ ಏನು ಬರೆಯುತ್ತದೆ? ಕಾಲೇಜಿನಲ್ಲಿ ಆರು ಸೆಮಿಸ್ಟರ್ ಆ ಕೈ ಏನು ಬರೆದು ರೂಢಿಯಾಗಿದೆಯೋ ಅದನ್ನೇ. ಅದಕ್ಕೇ ಲ್ಯಾಬ್ ರೆಕಾರ್ಡ್ ಸಣ್ಣ ವಿಷಯ ಎಂದು ಯಾರಾದರೂ ಅಂದರೆ ನನಗೆ ಒಪ್ಪಲು ಆಗುವುದಿಲ್ಲ.

ಒಂದು ಕಾಲಂ

ದೊಡ್ಡ ಸುಧಾರಣೆಗೆ ಕಾಯಬೇಕಾಗಿಲ್ಲ. ಎಕ್ಸ್‌ಟರ್ನಲ್ ಆಗಿ ಹೋಗುವ ನಾವೇ ಮೇಷ್ಟ್ರುಗಳು ಉತ್ತರ ನೋಡಿ ಅಂಕ ಕೊಡುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ. ಮಾನವ ಮೌಲ್ಯಗಳ ವಿಷಯಕ್ಕೆ ಟಿಕ್ ಹಾಕುವ ಪರೀಕ್ಷೆಯ ಬದಲು, ಇಂಟರ್ನ್‌ಶಿಪ್‌ನಿಂದ ಬಂದ ಮಕ್ಕಳನ್ನು ಹತ್ತು ಹತ್ತು ಜನ ಸುತ್ತ ಕೂರಿಸಿ, ಅಲ್ಲಿ ಹೇಳಲಾಗದೆ ಉಳಿದ ಒಂದು ಮಾತನ್ನು ಹೇಳಿಸಿದರೆ ಸಾಕು. ಪಠ್ಯ ಮಾಡಿದವರು ಬಯಸಿದ್ದೂ ಅದನ್ನೇ. ಶಾಪ್‌ನ ಹಿರಿಯ ಕೆಲಸಗಾರನ ಬೈಗುಳಕ್ಕೆ ಹೆದರಿ ಡ್ರಿಲ್ ಬಿಟ್ ಮುರಿದದ್ದನ್ನು ಮುಚ್ಚಿಟ್ಟೆ ಎಂದು ಒಬ್ಬ ಹೇಳಿದರೆ, ಉಳಿದ ಒಂಬತ್ತು ಜನ ತಮ್ಮ ಕಥೆ ತೆಗೆಯುತ್ತಾರೆ. ಇಂಟರ್ನ್‌ಶಿಪ್‌ಗೆ ರಿಪೋರ್ಟ್ ಬೇಡ, ದಿನಕ್ಕೆ ಮೂರು ಸಾಲಿನ ಡೈರಿ ಸಾಕು. ತಿಂಗಳಿಗೊಮ್ಮೆ ಅಲ್ಲಿನ ಸೂಪರ್‌ವೈಸರ್‌ಗೆ ಒಂದು ಫೋನ್.

ನಾನು ಮಾಡಿದ್ದು ತುಂಬಾ ಸಣ್ಣದು. ನಮ್ಮ ಲ್ಯಾಬಿನ ರೆಕಾರ್ಡ್‌ನಲ್ಲಿ ಉತ್ತರದ ಪಕ್ಕ ಒಂದು ಕಾಲಂ ಸೇರಿಸಿದೆ: 'ಪುಸ್ತಕದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಯಾಕೆ?' ಕನ್ನಡದಲ್ಲಾದರೂ ಬರೆಯಿರಿ, ಇಂಗ್ಲಿಷಿನಲ್ಲಾದರೂ ಬರೆಯಿರಿ. ಒಟ್ಟು ಅಂಕದಲ್ಲಿ ಅರ್ಧ ಆ ಕಾಲಂಗೆ. ವೈವಾದಲ್ಲಿ ಪ್ರಶ್ನೆ ಕೇಳುವುದೂ ಅಲ್ಲಿಂದಲೇ. ಮೊದಲ ಸಲ ಬ್ಯಾಚಿನವರು ಗಾಬರಿಯಾದರು. ಹಳೆಯ ರೆಕಾರ್ಡ್ ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಅದರಲ್ಲಿ ಈ ಕಾಲಂ ಇಲ್ಲ. 203 ಬರೆದವರಿಗೆ ಬರೆಯಲು ಏನೂ ಇರಲಿಲ್ಲ.

38ರ ಹುಡುಗಿ ಈಗ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಅಪ್ರೆಂಟಿಸ್. ಹೋದ ತಿಂಗಳು ಫೋನ್ ಮಾಡಿದ್ದಳು. ಅಳತೆಯ ಗೇಜ್ ಒಂದು ತಪ್ಪು ತೋರಿಸುತ್ತಿದೆ ಎಂದು ಹೇಳಿದಳಂತೆ. ಮೊದಲು ಯಾರೂ ನಂಬಲಿಲ್ಲವಂತೆ, ಆಮೇಲೆ ಕ್ಯಾಲಿಬ್ರೇಷನ್‌ಗೆ ಕಳಿಸಿದರಂತೆ. "ರಿಪೋರ್ಟ್ ಇನ್ನೂ ಬಂದಿಲ್ರಿ ಸರ್," ಅಂದಳು.

ನಮ್ಮ ಎಕ್ಸ್‌ಟೆನ್ಸೋಮೀಟರ್ ಇನ್ನೂ ರಿಪೇರಿ ಆಗಿಲ್ಲ. ಈ ಸೆಮಿಸ್ಟರ್‌ನ ಬ್ಯಾಚಿನಲ್ಲಿ ಆರು ಗುಂಪು. ನಿನ್ನೆ ಸಂಜೆ ರೆಕಾರ್ಡ್ ತಿದ್ದಿದೆ. 34, 41, 37, 52, 36, 45.